ಒಬ್ಬಳನ್ನೇ ಅಳಲು ಬಿಡಬಾರದು

ನಮ್ಮಮ್ಮನಿಗೆ ರೇಡಿಯೋಗೆ ಉತ್ತರ ಕೊಡುವ ಅಭ್ಯಾಸವಿತ್ತು. ಅಡುಗೆಮನೆಯ ಗೂಡಿನಲ್ಲಿ ಕೂತ ಆ ಪೆಟ್ಟಿಗೆ ಮಳೆ ಬರಲಿದೆ ಎಂದರೆ, "ಗಂಜಿ ಹಾಕಿದ ನೂಲು ಒಣಗಲಿ, ಆಮೇಲೆ ಬಾ ಅನ್ನಪ್ಪ" ಎನ್ನುತ್ತಿದ್ದಳು. ಯಾರಾದರೂ ಹಾಡಿದರೆ ಅವರ ಉಸಿರಿನ ನಡುವೆ "ಹ್ಞೂಂ" ಎಂದು ಒತ್ತಾಸೆ ಕೊಡುತ್ತಿದ್ದಳು. ನೀವು ನಗಬಹುದು, ನಾವೂ ನಗುತ್ತಿದ್ದೆವು. ಎಂಬತ್ತರ ದಶಕದ ನಡುವಿನ ಒಂದು ವರ್ಷ ಅವಳು ರೇಡಿಯೋಗೆ ಉತ್ತರ ಕೊಡುವುದನ್ನು ನಿಲ್ಲಿಸಿಬಿಟ್ಟಳು.

ಆ ವರ್ಷ ತಿರುಪ್ಪೂರಿನ ಗಂಡನ ಮನೆಯಲ್ಲಿ ನನ್ನ ಅಕ್ಕ ಜ್ವರದಲ್ಲಿ ಸತ್ತಳು. ಕೊಯಮತ್ತೂರಿನ ನಮ್ಮ ಕನ್ನಡ ನೇಕಾರರ ಬೀದಿಯಲ್ಲಿ ಸಾವಿನ ಮನೆಗೆ ಅಮ್ಮ ಬಂದ ಮೇಲೆಯೇ ಅಳು ಶುರುವಾಗುತ್ತಿತ್ತು. ಒಪ್ಪಾರಿ ಎಂಬ ಆ ಅಳುವಿನ ಹಾಡನ್ನು ಒಬ್ಬಳು ಎತ್ತಿಕೊಂಡರೆ ಉಳಿದವರು ಹೆಗಲ ಮೇಲೆ ಕೈಹಾಕಿ ಸುತ್ತ ಕೂತು ಕೊನೆಯ ಮಾತನ್ನು ಹಿಡಿದು ತಿರುಗಿ ಹಾಡಬೇಕು. ಹಾಡುವವಳನ್ನು ಒಂಟಿಯಾಗಿ ಬಿಟ್ಟರೆ ಬೀದಿಗೇ ಪಾಪ. ಅಂಥ ಅಮ್ಮ ಸ್ವಂತ ಮಗಳ ತಲೆಯ ಬಳಿ ಕೂತು ಬಾಯಿ ತೆರೆಯುವಷ್ಟರಲ್ಲಿ, ಬನಿಯನ್ ಕಂಪನಿ ಶುರುಮಾಡಿ ಹೊಸದಾಗಿ ದೊಡ್ಡವರಾಗಿದ್ದ ಬೀಗರು ಬಂದು, "ಒಪ್ಪಾರಿ ಗಿಪ್ಪಾರಿ ಬೇಡಮ್ಮಾ, ಡೀಸೆಂಟಾದ ಜನ ಬಂದವ್ರೆ" ಎಂದರು. ಅಮ್ಮ ಬಾಯಿ ಮುಚ್ಚಿಕೊಂಡಳು. ಆಮೇಲೆ ತಿಂಗಳುಗಟ್ಟಲೆ ತೆರೆಯಲೇ ಇಲ್ಲ.

ನಾನು ಆಗ ಆರ್.ಎಸ್. ಪುರದ ಜವಳಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ. ಬಿಳಿಯರ ಕಾಲದ ಹಳೆಯ ಸಭಾಂಗಣದಲ್ಲಿ ಯೂರೋಪಿನ ವಾದ್ಯವೃಂದವೊಂದು ನುಡಿಸಲಿದೆ, ಅವರ ಸಂಗೀತನಾಟಕಗಳ ಹಾಡುಗಳೂ ಇರುತ್ತವೆ ಎಂದು ಪಾಸು ತರಿಸಿಕೊಂಡಿದ್ದ ಮಾಲೀಕರು ತಾವು ಹೋಗಲಾರದೆ ಅವನ್ನು ನನಗೆ ಕೊಟ್ಟರು. ಬಾಯಿ ಹೇಗೂ ಮುಚ್ಚಿದೆ, ಕಿವಿಯಾದರೂ ತೆರೆಯಲಿ ಎಂದು ಅಮ್ಮನನ್ನು ಎಳೆದುಕೊಂಡು ಹೋದೆ.

ಸಂಗೀತವನ್ನು ನಾನು ಬೈಯುತ್ತಿಲ್ಲ ಗೆಳೆಯರೇ, ಅದು ಚೆನ್ನಾಗಿಯೇ ಇತ್ತು. ಎತ್ತರದ ಛಾವಣಿ, ಸವೆದ ಮರದ ಮೆಟ್ಟಿಲು. ಸಾಲು ಸಾಲು ಪಿಟೀಲುಗಳ ಕಮಾನುಗಳು ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ಆಡಿದ ಹಾಗೆ ಏರಿ ಇಳಿಯುತ್ತಿದ್ದವು. "ಎಲ್ಲಾ ಒಂದೇ ಕೈ ಕಣೆ" ಎಂದಳು ಅಮ್ಮ. ಎಷ್ಟೋ ತಿಂಗಳ ಮೇಲೆ ಅವಳ ಬಾಯಿಂದ ಬಂದ ಮಾತದು; ನನಗೆ ಅಳು ಬಂತು.

ಆಮೇಲೆ ಹಸಿರು ಗೌನಿನ ಹೆಂಗಸೊಬ್ಬಳು ಮುಂದೆ ಬಂದು ನಿಂತು, ಕಣ್ಣು ಮುಚ್ಚಿ, ಒಂದೇ ದನಿಯನ್ನು ಇಡೀ ಸಭಾಂಗಣ ತುಂಬುವಂತೆ ಎಳೆದಳು. ಅಮ್ಮ ನನ್ನ ಕೈ ಹಿಚುಕಿದಳು. "ಪಾವಂ, ಆ ಹೆಣ್ಣು ಒಬ್ಬಳೇ ಅಳ್ತಾವ್ಳೆ. ಇಷ್ಟು ಜನ ಇದ್ದೂ ಯಾರೂ ಹೋಗಲ್ಲವಾ?" ಎಂದವಳೇ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ವೇದಿಕೆಯ ಮೆಟ್ಟಿಲ ಬಳಿ ಹೋಗಿ ಕೂತು, ಹಾಡಿನ ಕೊನೆಯ ಎಳೆಯನ್ನು ಹಿಡಿದು ಎತ್ತಿಕೊಂಡೇಬಿಟ್ಟಳು. ಹಾಡುತ್ತಿದ್ದವಳು ಕಣ್ಣು ತೆರೆದು ನೋಡಿದಳೇ ಹೊರತು ನಿಲ್ಲಿಸಲಿಲ್ಲ. ನಿಲ್ಲಿಸಿದವರು ನಮ್ಮವರು. ಕೋಟು ತೊಟ್ಟ ಸಂಘಟಕರೊಬ್ಬರು ಓಡಿಬಂದು ಅಮ್ಮನ ತೋಳು ಹಿಡಿದು, "ಇದು ಲವ್ ಸಾಂಗ್ ಅಮ್ಮಾ, ಎಳುಂದಿರುಂಗ" ಎಂದು ಎಬ್ಬಿಸಿದರು.

"ಇರಲಿ ಸಾಮಿ, ಒಬ್ಬಳೇ ಹಾಡ್ತಾವ್ಳಲ್ಲ" ಎಂದಳು ಅಮ್ಮ.

"ಇದು ಡೀಸೆಂಟಾನ ಇಡಮ್ಮಾ." ಡೀಸೆಂಟಾದ ಜಾಗವಂತೆ.

ಅದೇ ಮಾತು! ತಿರುಪ್ಪೂರಿನಲ್ಲಿ ಅಕ್ಕನ ಹೆಣದ ಮುಂದೆ ಅಮ್ಮನ ಬಾಯಿ ಹೊಲಿದ ಅದೇ ಮಾತು ಇಲ್ಲಿ ಅವಳ ತೋಳು ಹಿಡಿದು ನಡೆಸುತ್ತಿತ್ತು. ಯಾವನು ಕಂಡುಹಿಡಿದ ಈ ಸಭ್ಯತೆಯನ್ನು, ಒಬ್ಬರು ಎದೆಯೊಡೆದು ಹಾಡುವಾಗ ನೂರಾರು ಜನ ಕೈ ಮಡಿಲಲ್ಲಿಟ್ಟುಕೊಂಡು ಬೊಂಬೆಗಳಾಗಿ ಕೂರುವ ಇದನ್ನು? ಅವರ ಊರಿನ ಪದ್ಧತಿ ಅದು, ಗೊತ್ತಿಲ್ಲದವಳು ತಪ್ಪಿದಳು, ಒಪ್ಪಿದೆ. ತಪ್ಪಿದವಳ ಕಿವಿಯಲ್ಲಿ ಮೆಲ್ಲಗೆ ಹೇಳಿ ಕೂರಿಸಲು ಬಾರದ ಸಭ್ಯತೆ ಬೆಂಕಿಗೆ ಬೀಳಲಿ. ಕೋಪ ಆರಿದ ಮೇಲೆ ಬರೆಯೋಣವೆಂದು ವರ್ಷಗಟ್ಟಲೆ ಕಾದೆ. ಆರಲಿಲ್ಲ, ಆರಬೇಕೆಂಬ ಆಸೆಯೂ ಈಗ ಇಲ್ಲ.

"ಕೈ ಬಿಡಿ" ಎಂದು ನಾನು ಕೂಗಿದ್ದು ಪಿಟೀಲುಗಳನ್ನೂ ಮೀರಿ ಕೇಳಿಸಿತಂತೆ, ಕೇಳಿಸಲಿ. ಆತ ಕೈ ಬಿಟ್ಟದ್ದು ವರಾಂಡ ತಲುಪಿದ ಮೇಲೆಯೇ. ಬಾಗಿಲು ತೆರೆದಿಟ್ಟೇ ಅವರು ಒಳಗೆ ಹೋದರು. ಅಮ್ಮ ಕಲ್ಲಿನ ಮೆಟ್ಟಿಲ ಮೇಲೆ ಕುಸಿದಳು. ಅಳುತ್ತಾಳೆಂದುಕೊಂಡೆ. ಅವಳು ಹಾಡಿದಳು. ಅಕ್ಕನ ಹೆಸರು ಹಿಡಿದು, ಅವಳು ಅಂಬೆಗಾಲಿಟ್ಟಲ್ಲಿಂದ ತೊಡಗಿ ನಮ್ಮ ಮನೆಯ ಕನ್ನಡದಲ್ಲಿ ಅಮ್ಮ ಒಪ್ಪಾರಿ ಎತ್ತಿಕೊಂಡಳು; ದನಿ ದಪ್ಪಗೆ, ಒರಟಾಗಿ, ತಿಂಗಳುಗಟ್ಟಲೆ ಒಳಗಿದ್ದದ್ದೆಲ್ಲ ಬಂತು. ಕೋಟಿನವರು ಮತ್ತೆ ಬಾಗಿಲಿಗೆ ಬಂದು ತುಟಿಯ ಮೇಲೆ ಬೆರಳಿಟ್ಟರು.

ನಾನು ಎದ್ದು ಅವರ ಮುಂದೆ ನಿಂತು, ಅವರದೇ ತಮಿಳಿನಲ್ಲಿ ಹೇಳಿದೆ: "ಬಾಗಿಲು ಹಾಕಿಕೊಳ್ಳಿ ಸಾರ್. ನಮ್ಮಮ್ಮ ಹಾಡ್ತಾ ಇದ್ದಾರೆ, ನಿಮ್ಮ ಸದ್ದಿನಿಂದ ತೊಂದರೆ ಆಗುತ್ತೆ."

ಅವರು ಬಾಗಿಲು ಹಾಕಿಕೊಂಡರು. ನಾನು ಅಮ್ಮನ ಪಕ್ಕ ಕೂತು, ಹೆಗಲ ಮೇಲೆ ಕೈಹಾಕಿ, ಅಕ್ಕನ ಹೆಸರನ್ನು ಹಿಡಿದು ತಿರುಗಿ ಹಾಡಿದೆ.