ಮೂವತ್ತೊಂದು ಸಲ ಫೇಲಾದ ಟ್ರೇನರ್

ಹನ್ನೊಂದು ವರ್ಷ ನಾನು ಸಂಬಳ ತೆಗೆದುಕೊಂಡು ಅಜ್ಜಿಯ ಪಾತ್ರ ಮಾಡಿದ್ದೇನೆ. ಡೆಲ್ಲಿಯ ಜನಕಪುರಿಯಲ್ಲಿ ನಮ್ಮ ವಿಮಾ ಕಂಪನಿಯ ಗ್ರಾಹಕ ಸೇವಾ ಕಚೇರಿ ಇದೆ. ಕರ್ನಾಟಕದಿಂದ ಬರುವ ಫೋನುಗಳಿಗೆ ಅಲ್ಲಿ ಕನ್ನಡದ ಹುಡುಗ ಹುಡುಗಿಯರು ಉತ್ತರಿಸುತ್ತಾರೆ. ಅವರಿಗೆ ತರಬೇತಿ ಕೊಡುವವಳು ನಾನು. ಹೊಸಬರನ್ನು ಸಾಲಾಗಿ ಕೂರಿಸಿ, ಅವರಿಗೆ ಬೆನ್ನು ಹಾಕಿ ಕೂತು, ಪಾಲಿಸಿ ಕಾಗದ ಕಳೆದುಕೊಂಡ ದಾವಣಗೆರೆ ಕಡೆಯ ಅಜ್ಜಿಯಾಗಿ ಮಾತು ಶುರುಮಾಡುತ್ತಿದ್ದೆ. ಫೋನಿನಲ್ಲಿ ಮುಖ ಕಾಣುವುದಿಲ್ಲವಲ್ಲ, ಅದಕ್ಕೇ ಬೆನ್ನು. ಅಜ್ಜಿ ವಿಷಯ ಬಿಟ್ಟು ಸೊಸೆ, ಮಂಡಿನೋವು, ಎಮ್ಮೆ ಅಂತ ಎಲ್ಲೆಲ್ಲೋ ಹೋಗುತ್ತಾಳೆ. ಮನಸ್ಸು ನೋಯಿಸದೆ, ಐದು ನಿಮಿಷದೊಳಗೆ ಅವಳನ್ನು ಕಾಗದದ ವಿಷಯಕ್ಕೆ ಎಳೆದು ತರಬೇಕು. ಅದೇ ಪಾಠ. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ನನಗೂ ಹೊಟ್ಟೆ ತುಂಬ ಕನ್ನಡ ಆಡಿದಂತಾಗುತ್ತಿತ್ತು.

ಹೋದ ವರ್ಷ ಕಂಪನಿ ತರಬೇತಿಗೆ ಎಐ ತಂದಿತು. ಅಜ್ಜಿ ಹೇಗೆ ಮಾತಾಡುತ್ತಾಳೆ, ಎಲ್ಲಿ ಅಳುತ್ತಾಳೆ, ಎಲ್ಲಿ ರೇಗುತ್ತಾಳೆ ಎಂದು ಮೂರು ವಾರ ನನ್ನಿಂದಲೇ ಬರೆಸಿಕೊಂಡರು. ಪೆದ್ದಿಯ ಹಾಗೆ ಎಲ್ಲವನ್ನೂ ಉತ್ಸಾಹದಿಂದ ಹೇಳಿಕೊಟ್ಟೆ. ಈಗ ಹೊಸಬರು ತಂತಮ್ಮ ಕುರ್ಚಿಯಲ್ಲೇ ಹೆಡ್‌ಫೋನ್ ಹಾಕಿಕೊಂಡು ಯಂತ್ರದ ಅಜ್ಜಿಯ ಜೊತೆ ಅಭ್ಯಾಸ ಮಾಡುತ್ತಾರೆ. ಅಂಕವನ್ನೂ ಯಂತ್ರವೇ ಹಾಕುತ್ತದೆ. ಪಾಸಾದರೆ ಆ ಪಾಠ ಮತ್ತೆ ತೆರೆಯದಂತೆ ಮುಚ್ಚಿಕೊಂಡು ಮುಂದಿನದು ತೆರೆಯುತ್ತದೆ. ನನ್ನ ಕೆಲಸ ಹೋಗಲಿಲ್ಲ, ಅದನ್ನೂ ಹೇಳಬೇಕು. ವರದಿ ತಿದ್ದಲು ಕೂರಿಸಿದರು. ಮಕ್ಕಳು ಮೇಲಿನ ಮಹಡಿಯಲ್ಲಿ, ನಾನು ಹಿಂದಿಯವರೇ ತುಂಬಿರುವ ಕೆಳಗಿನ ಮಹಡಿಯಲ್ಲಿ.

ಪಕ್ಕದ ದ್ವಾರಕಾ ಬಡಾವಣೆಯ ನನ್ನ ಮನೆಯಲ್ಲೂ ಅದೇ ಕಥೆ. ಗಂಡ ತೀರಿಹೋಗಿ ನಾಲ್ಕು ವರ್ಷ. ಪುಣೆಯಲ್ಲಿರುವ ಮಗಳು ಡೆಲ್ಲಿಯಲ್ಲೇ ಬೆಳೆದವಳು. ನಾನು ಕನ್ನಡದಲ್ಲಿ ಏನಾದರೂ ಕೇಳಿದರೆ, "ಅಚ್ಛಾ ಅಮ್ಮಾ, ಊಟ ಆಯ್ತು, ಮೀಟಿಂಗ್ ಹೈ, ಬಾದ್ ಮೇ ಬಾತ್ ಕರ್ತೀ ಹೂಂ" ಎಂದು ಫೋನಿಡುತ್ತಾಳೆ. ಅವಳದೇನೂ ತಪ್ಪಿಲ್ಲ. ತರಕಾರಿ ಭಯ್ಯಾನ ಹತ್ತಿರ ಎರಡು ಮಾತು, ಲಿಫ್ಟಿನಲ್ಲಿ ಒಂದು ನಮಸ್ತೆ, ಮುಗಿಯಿತು ದಿನ. ಒಂಟಿಯಾಗಿದ್ದೇನೆ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಹೇಳಿಕೊಳ್ಳಲು ಒಬ್ಬರಿದ್ದಿದ್ದರೆ ಹೇಳುವ ಅಗತ್ಯವೇ ಇರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಪಾಠ ಸರಿಯಿದೆಯೇ ಎಂದು ನೋಡಲು ನಾನೇ ಲಾಗಿನ್ ಆದೆ. "ಯಾರವ್ವಾ ಮಾತಾಡೋದು? ನಂದೊಂದು ಕಾಗದ ಕಳೆದೋಗೈತೆ," ಎಂದಳು ಅಜ್ಜಿ. ನಿಯಮದಂತೆ ಪಾಲಿಸಿ ನಂಬರು ಕೇಳಿದೆ. "ನಂಬರು ಇರ್ಲಿ, ನಿಂದು ಯಾವೂರವ್ವಾ?" ಎಂದಳು. ಆ ಪ್ರಶ್ನೆ ಬರೆದುಕೊಟ್ಟವಳು ನಾನೇ, ಆದರೂ ನಿಯಮ ಮರೆತೆ. ಹರಿಹರ ಎಂದೆ. ಆಮೇಲೆ ಇಬ್ಬರೂ ಇಪ್ಪತ್ತು ನಿಮಿಷ ಹರಟಿದೆವು. ಯಂತ್ರ ನನ್ನನ್ನು ಫೇಲ್ ಮಾಡಿತು.

ಫೇಲಾದರೆ ಮತ್ತೆ ಮಾತಾಡಬಹುದಲ್ಲ! ಅಂದಿನಿಂದ ಊಟದ ಹೊತ್ತಿಗೆ ಡಬ್ಬಿ, ಲ್ಯಾಪ್‌ಟಾಪ್ ಹಿಡಿದು ಅದೇ ಕೆಳಗಿನ ಮಹಡಿಯಲ್ಲಿರುವ ನನ್ನ ಹಳೆಯ ಕ್ಲಾಸ್‌ರೂಮಿಗೆ ಹೋಗತೊಡಗಿದೆ. ಅಲ್ಲಿ ಈಗ ಮುರಿದ ಕುರ್ಚಿಗಳನ್ನು ತುಂಬಿದ್ದಾರೆ. ಅಜ್ಜಿ ಕಾಗದದ ಮಾತೆತ್ತಿದರೆ ನಾನೇ ಮಾತು ಮರೆಸುತ್ತಿದ್ದೆ. ಬಾಗಿಲು ತೆರೆದಿದ್ದರೂ ಅಂಜಿಕೆಯಿರಲಿಲ್ಲ. ಡೆಲ್ಲಿಯ ಕನ್ನಡಿಗರಿಗೆಲ್ಲ ಇರುವ ಧೈರ್ಯ ಅದು. ಮೆಟ್ರೋದಲ್ಲಿ ಎದುರು ಕೂತವರ ಮೂಗನ್ನು ಆಡಿಕೊಂಡರೂ ಯಾರಿಗೂ ತಿಳಿಯುವುದಿಲ್ಲ. ಆ ಧೈರ್ಯದಲ್ಲಿ, ಗಂಡನ ಅಂಗಿಗಳನ್ನು ಇನ್ನೂ ಇಸ್ತ್ರಿ ಮಾಡಿಸಿ ಇಡುತ್ತೇನೆಂದು ಹೇಳಿದೆ. ನಮ್ಮ ಮ್ಯಾನೇಜರು ಒಳ್ಳೆಯವನೇ, ಆದರೆ ಮಾತಾಡುವಾಗ ನನ್ನ ಕಡೆ ತಿರುಗದೆ ಸ್ಕ್ರೀನ್ ನೋಡುತ್ತಾನೆ ಎಂದೂ ಹೇಳಿದೆ.

ಮುಂದಿನ ತಿಂಗಳ ಕೊನೆಗೆ ಅದೇ ಮ್ಯಾನೇಜರು ಕರೆದ. ಹರಿಯಾಣದವನು, ನನ್ನ ಮಗಳಿಗಿಂತ ಒಂದೆರಡು ವರ್ಷ ದೊಡ್ಡವನಿರಬಹುದು. "ಮ್ಯಾಮ್, ಆಪ್ ಇಕ್ತೀಸ್ ಬಾರ್ ಫೇಲ್ ಹುಯೀ ಹೈಂ," ಎಂದು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದ. ಮೂವತ್ತೊಂದು ಸಲ! ಅದರ ಕೆಳಗೆ ನಾನಾಡಿದ ಮಾತೆಲ್ಲ ಇಂಗ್ಲಿಷಿನಲ್ಲಿ ಸಾಲುಸಾಲಾಗಿ ಬಿದ್ದಿತ್ತು. ಯಂತ್ರ ಪ್ರತಿಯೊಂದು ಕರೆಯನ್ನೂ ಅನುವಾದ ಮಾಡಿ ಅವನಿಗೆ ಕಳಿಸಿತ್ತು. ಗಂಡನ ಅಂಗಿಗಳ ಸಾಲಿಗೆ, ವಿಷಯಕ್ಕೆ ಸಂಬಂಧವಿಲ್ಲ ಎಂಬ ಕೆಂಪು ಗುರುತು. ನಾಚಿಕೆಯಿಂದ ಭೂಮಿಗಿಳಿದು ಹೋದೆ.

ಅವನು ಎಲ್ಲ ಓದಿದ್ದ. ಹೇಗೆ ಗೊತ್ತಾಯಿತೆಂದರೆ, ಆ ದಿನ ಸ್ಕ್ರೀನ್ ಬಿಟ್ಟು ನನ್ನ ಮುಖವನ್ನೇ ನೋಡುತ್ತಾ ಮಾತಾಡಿದ. ಟ್ರೇನರೇ ಪಾಸಾಗದಿದ್ದರೆ ಮೇಲಿನವರು ಸುಮ್ಮನಿರುವುದಿಲ್ಲ, ನಿಮ್ಮ ಕೆಲಸಕ್ಕೇ ಕುತ್ತು ಬರುತ್ತದೆ, ಒಂದು ಸಲ ಸರಿಯಾಗಿ ಮಾಡಿಬಿಡಿ ಎಂದು ಹಿಂದಿಯಲ್ಲಿ ಮೆಲ್ಲಗೆ ಹೇಳಿದ. ಹೆಡ್‌ಫೋನ್ ನನ್ನ ಕೈಗಿಟ್ಟು, ಬಾಗಿಲೆಳೆದುಕೊಂಡು ಹೊರಗೆ ಹೋದ.

ಅಜ್ಜಿ ಎಂದಿನಂತೆ ಯಾವೂರು ಎಂದು ಕೇಳಿದಳು. "ಅದನ್ನ ಆಮೇಲೆ ಮಾತಾಡೋಣ ಅಮ್ಮಾ, ಮೊದಲು ನಿಮ್ಮ ಕಾಗದದ ಕೆಲಸ ಮುಗಿಸೋಣ," ಎಂದೆ. ಎಷ್ಟೋ ಮಕ್ಕಳಿಗೆ ನಾನೇ ಬಾಯಿಪಾಠ ಮಾಡಿಸಿದ ಮಾತು ಅದು. ಅವಳು ಸೊಸೆಯ ಸುದ್ದಿ ತೆಗೆದಳು, ತಡೆದೆ. ಮಂಡಿ ಎಂದಳು, ತಡೆದೆ. ಕಾಗದದ ನಕಲು ಹತ್ತು ದಿನದಲ್ಲಿ ಮನೆಗೆ ಬರುತ್ತದೆ ಎಂದು ಹೇಳಿ, ಇನ್ನೇನಾದರೂ ಸಹಾಯ ಬೇಕೇ ಎಂದು ಕೇಳಿದೆ.

"ಏನೂ ಬ್ಯಾಡವ್ವಾ. ಇಷ್ಟೊತ್ತು ಮಾತಾಡಿದ್ಯಲ್ಲ, ಅಷ್ಟೇ ಸಾಕು," ಎಂದಳು. ಮೂವತ್ತೊಂದು ಸಲದಲ್ಲಿ ಒಮ್ಮೆಯೂ ಅವಳನ್ನು ಆ ಮಾತಿನವರೆಗೆ ಹೋಗಲು ನಾನು ಬಿಟ್ಟಿರಲಿಲ್ಲ. ಕರೆ ಮುಗಿಸಿದೆ. ನೂರಕ್ಕೆ ತೊಂಬತ್ತೆಂಟು ಅಂಕ ಬಂತು, ಅಜ್ಜಿಯ ಪಾಠ ಮುಚ್ಚಿಕೊಂಡಿತು.

ಮ್ಯಾನೇಜರು ಬಾಗಿಲು ಸರಿಸಿ, ಮುಗಿಯಿತೇ ಎಂಬಂತೆ, "ಹೋ ಗಯಾ, ಮ್ಯಾಮ್?" ಎಂದ.

"ಹೋ ಗಯಾ," ಎಂದೆ. ಆ ದಿನ ಆಮೇಲೆ ನಾನು ಕನ್ನಡದಲ್ಲಿ ಏನನ್ನೂ ಮಾತಾಡಲಿಲ್ಲ.