ಈಶಾನ್ಯದಲ್ಲಿಲ್ಲದ ಬಾವಿ

ಗುಂಜಿ ಎಂಬ ಹಳ್ಳಿಯ ಜಾಗವನ್ನು ನಮಗೆ ಮಾರಿದವರು, "ಒಂದು ಮೂಲ್ಯಾಗ ಹಳೇ ಬಾವಿ ಐತ್ರಿ, ಮ್ಯಾಲ ತಗಡು ಹೊಚ್ಚೇವಿ, ಹುಷಾರ" ಎಂದಿದ್ದರು. ಯಾವ ಮೂಲೆ ಎಂದು ನನ್ನ ಗಂಡ ಕೇಳಲಿಲ್ಲ. ಬಾವಿ ಎಂದರೆ ಈಶಾನ್ಯದಲ್ಲೇ ಇರುತ್ತದೆ, ಕೇಳುವುದೇನು? ಹಿಂದವಾಡಿಯ ನಮ್ಮ ಮನೆಯಲ್ಲಿ ಚಪ್ಪಲಿ ಬಿಡುವ ಜಾಗವನ್ನೂ ವಾಸ್ತು ನೋಡಿ ಗೊತ್ತು ಮಾಡಿದ ಮನುಷ್ಯ. ಮೊಬೈಲಿನಲ್ಲಿ ದಿಕ್ಕು ನೋಡಿ, ಈಶಾನ್ಯ ಮೂಲೆಗೆ ಹಗ್ಗ ಕಟ್ಟಿ, ಅದಕ್ಕೆ ನನ್ನ ಕೆಂಪು ಬ್ಲೌಸೊಂದನ್ನು ಬಾವುಟದಂತೆ ಸಿಗಿಸಿದರು. ಎಂ.ಎಸ್ಸಿ. ಓದಿದ ನಾನು ಬ್ಲೌಸಿಗಾಗಿ ಮಾತ್ರ ಜಗಳವಾಡಿದೆ.

ಬದನೆ, ಮೆಣಸಿನಕಾಯಿ ಹಾಕುವ ಆಸೆಗೆ ಎದೆಯುದ್ದದ ಹುಲ್ಲು ಕೀಳುತ್ತ ಎದುರಿನ ಮೂಲೆ ತಲುಪಿದೆವು. ಅಲ್ಲೊಂದು ಹುಲ್ಲಿನ ಗಡ್ಡೆ ಜಪ್ಪಯ್ಯ ಎಂದರೂ ಕದಲಲಿಲ್ಲ.

"ಬೇರು ಬಿಟ್ರ ಮತ್ತ ಚಿಗೀತೈತಿ. ಜೋರ್ ಎಳೀರಿ. ಮುಂಜಾನಿ ಅಷ್ಟು ದ್ವಾಸಿ ತಿಂದೀರಲ್ಲ?" ಎಂದೆ.

ಅವರು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ವಾಲಿದರು. ಮಣ್ಣು ಮುಚ್ಚಿ ಕಾಣದಿದ್ದ ಕಾಲಡಿಯ ತಗಡು ಪರ್ ಎಂದು ಹರಿಯಿತು. ಮಣ್ಣು, ತಗಡು, ಒಂದು ಚಪ್ಪಲಿ ಕೆಳಗೆ ಹೋದವು. ಎಷ್ಟೋ ಹೊತ್ತಿನ ಮೇಲೆ ನೀರಿನ ಸದ್ದು ಬಂತು. ಇವತ್ತಿಗೂ ನಲ್ಲಿ ತಿರುಗಿಸಿದರೆ ನನಗೆ ಅದೇ ಸದ್ದು. ಅವರು ಮಾತ್ರ ಗಡ್ಡೆ ಹಿಡಿದು ಬಾವಿಯ ಬಾಯಲ್ಲಿ ನೇತಾಡುತ್ತಿದ್ದರು.

ನಾನು ಬೋರಲು ಬಿದ್ದು ಅವರ ಮಣಿಕಟ್ಟು ಹಿಡಿದು ಕೂಗಿದೆ. ಬಾ ಬಾ ಎಂದು ಬೈದಿದ್ದ ಹುಲ್ಲನ್ನೇ ಈಗ ಬರಬೇಡವೋ ಎಂದು ಬೇಡಿಕೊಂಡೆ. ಗಡ್ಡೆಯ ಒಂದು ಬದಿಯ ಬೇರುಗಳು ಮಣ್ಣು ಬಿಟ್ಟು ಬೆಳ್ಳಗೆ ಕಾಣತೊಡಗಿದವು.

"ಈಗೂ ಜೋರ್ ಎಳೀಲೇನ?" ಎಂದರು. ಇಂಥವರನ್ನು ಕಟ್ಟಿಕೊಂಡಿದ್ದೇನೆ.

ನನ್ನ ಕೂಗಿಗೆ ಬಾಜು ಹೊಲದ ಚಾಚಾ ಎಮ್ಮೆಯ ಹಗ್ಗ ಬಿಚ್ಚಿಕೊಂಡು ಓಡಿಬಂದರು. ಅದನ್ನು ಇವರ ಕಂಕುಳಡಿ ಸುತ್ತಿ ಇಬ್ಬರೂ ಎಳೆದೆವು. ಚಾಚಾ ಎಳೆಯುತ್ತಲೇ ಬೈದರು: "ಆ ಕಡಿ ಝಂಡಾ ಕಟ್ಟಿ, ಈ ಕಡಿ ಜೀವಾ ಕೊಡಾಕ ಬಂದೀರೇನ್ರಿ ಸಾಹೇಬ್ರ?"

ಮೇಲೆ ಬಂದು, ಉಸಿರು ತಿರುಗಿದ ಮೇಲೆ ನನ್ನ ಗಂಡ ಹೇಳಿದ್ದು ಇಷ್ಟು: "ಬಾವಿ ಈಶಾನ್ಯದಾಗ ಇರಬೇಕಿತ್ತು."

"ಹೋಗಿ ಅದಕ್ಕ ಹೇಳ್ರಿ," ಎಂದರು ಚಾಚಾ.

ಬಾವಿಗೆ ಈಗ ಕಟ್ಟೆ ಕಟ್ಟಿಸಿದ್ದೇವೆ. ಬ್ಲೌಸಿನ ಮೂಲೆಯಲ್ಲೇ ಬದನೆ ಚೆನ್ನಾಗಿ ಬಂದಿದೆ. ಹಿಂದವಾಡಿಯ ಅಡುಗೆಮನೆಯಲ್ಲಿ ಕೊತ್ತಂಬರಿಯ ಬೇರು ಕತ್ತರಿಸುವಾಗ ಈಗಲೂ ನನ್ನ ಕೈ ನಿಲ್ಲುತ್ತದೆ. ಆ ಹುಲ್ಲಿನ ಗಡ್ಡೆ ಬಾವಿಕಟ್ಟೆಯ ಪಕ್ಕದಲ್ಲಿ ಸೊಕ್ಕಿ ಬೆಳೆದಿದೆ. "ಕಸಕ್ಕ ನೀರು ಹಾಕ್ತಿಯಲ್ಲ" ಎಂದು ಅವರು ಕುಡಗೋಲು ತಂದಾಗಲೆಲ್ಲ, ಮುಟ್ಟಿದರೆ ದೋಸೆ ಬಂದ್ ಎನ್ನುತ್ತೇನೆ.