ಹೆಸರಿನ ಕೌದಿಯ ನಡುಚೌಕ

ನಮ್ಮ ಹಳ್ಳದ ದಂಡೆಯಿಂದ ಯಾವ ಹೆಂಗಸು ಊರು ಬಿಟ್ಟು ಹೊರಟರೂ ಬರಿಗೈಯಲ್ಲಿ ಕಳಿಸುವ ಪದ್ಧತಿಯಿಲ್ಲ. ಚರ್ಚಿನ ಹೆಂಗಸರು ಮನೆಯಲ್ಲಿದ್ದ ಚಿಂದಿಯನ್ನು ಕತ್ತರಿಸಿ ಒಂಬತ್ತು ತುಂಡಿನ ಒಂದೊಂದು ಚೌಕ ಹೊಲಿಯುತ್ತಾರೆ. ನಡುವಿನ ಬಿಳಿ ತುಂಡಿನ ಮೇಲೆ ತಮ್ಮ ಹೆಸರನ್ನು ದಾರದಲ್ಲಿ ಬರೆಯುತ್ತಾರೆ. ಅವನ್ನೆಲ್ಲ ಜೋಡಿಸಿದರೆ ಹೆಸರಿನ ಕೌದಿ. ಪಾದ್ರಿಯ ಹೆಂಡತಿ ಹೋದಾಗ, ಪಕ್ಕದ ತೋಟದವರು ಮಿಸೌರಿ ಸಾಕಾಯಿತೆಂದು ಕ್ಯಾಲಿಫೋರ್ನಿಯಾಕ್ಕೆ ಹೊರಟಾಗ, ಕೌದಿ ಜೋಡಿಸಿದವಳು ಜೆಲ್ಮಾ ಟೀಗ್. ಒಬ್ಬಳ ಚೌಕ ಗಿಡ್ಡ, ಇನ್ನೊಬ್ಬಳದು ಸೊಟ್ಟ. ಜೆಲ್ಮಾ ಅವನ್ನು ಬಿಚ್ಚಿ, ಇಸ್ತ್ರಿ ಎಳೆದು, ಮತ್ತೆ ಹೊಲಿದು ಸರಿಮಾಡುತ್ತಿದ್ದಳು. ಹೊಲಿದವಳಿಗೆ ಅದು ತಿಳಿಯುತ್ತಲೂ ಇರಲಿಲ್ಲ. ಕೌದಿ ಬಿಡಿಸಿದಾಗ, ‘ನನ್ನ ಚೌಕ ಎಷ್ಟು ಚೆನ್ನಾಗಿ ಕೂತಿದೆ ನೋಡಿ’ ಎಂದು ಹಿಗ್ಗುತ್ತಿದ್ದಳು.

ಆ ವಸಂತದಲ್ಲಿ ಹೊರಟವಳು ಜೆಲ್ಮಾಳೇ. ಅವಳ ಕೌದಿಯನ್ನೂ ಅವಳೇ ಜೋಡಿಸಬೇಕಾಯಿತು.

“ತನ್ನ ಶವಪೆಟ್ಟಿಗೆಗೆ ತಾನೇ ಮೊಳೆ ಹೊಡ್ಕೊಂಡ ಹಾಗಾಯ್ತಲ್ಲೇ,” ಅಂದೆ ನೆರೆಮನೆಯ ನಾನು.

“ನೆಟ್ಟಗೆ ಹೊಡಿಯೋಕೆ ಬೇರೆ ಯಾರಿಗೆ ಬರುತ್ತೆ ಹೇಳು ಡೋವಿ,” ಅಂದಳು.

ಗಂಡ ಕಡಿಯುತ್ತಿದ್ದ ಮರದಡಿ ಸಿಕ್ಕಿ ಸತ್ತ ಮೇಲೆ ಜೆಲ್ಮಾ ಅತ್ತೆ ಆಲ್ಮೀಡಾಳ ಮನೆಯಲ್ಲೇ ಉಳಿದಿದ್ದಳು. ಮದುವೆಯಾಗದ ಇಬ್ಬರು ಮೈದುನರು, ವರ್ಜಿಲ್ ಮತ್ತು ಹಾಯ್ಟ್. ಬೆಳಕು ಹರಿಯುವ ಮೊದಲು ಒಲೆ, ಆಮೇಲೆ ಹಸುಗಳು, ಬೆಣ್ಣೆ, ಕೋಳಿಗೂಡು, ನೀರು ಹೊರುವುದು, ಜೋಳದ ರೊಟ್ಟಿ, ಹಂದಿಮಾಂಸ ಹಾಕಿದ ಬೀನ್ಸ್ ಕಾಳು, ದೀಪದ ಗಾಜು ಒರೆಸುವುದು. ಇವೆಲ್ಲದರ ನಡುವೆ ಕತ್ತರಿ ಹಿಡಿದು ಕೂತರೆ ಅದು ಮನೆಯವರ ಕಣ್ಣಿಗೆ ವಿಶ್ರಾಂತಿ. “ಹೇಗೂ ಸುಮ್ನೆ ಕೂತಿದ್ದೀಯಲ್ಲ ಅತ್ತಿಗೆ,” ಎಂದು ಹಾಯ್ಟ್ ಹರಿದ ಚಡ್ಡಿಯನ್ನು ಅವಳ ಮಡಿಲಿಗೆ ಎಸೆಯುತ್ತಿದ್ದ.

ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ಅವಳ ತಂಗಿ ಅಂಗಿ ಹೊಲಿಯುವ ಕಾರ್ಖಾನೆಯೊಂದರಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಹತ್ತಿರ ಇವಳಿಗೊಂದು ಜಾಗ ಗೊತ್ತುಮಾಡಿದ್ದಳು. ಈಸ್ಟರ್ ಕಳೆದ ಸೋಮವಾರದವರೆಗೆ ಕಾಯುತ್ತೇವೆ, ಆಮೇಲೆ ಬೇರೆಯವರಿಗೆ ಕೊಡುತ್ತೇವೆ ಎಂದು ಕಾರ್ಖಾನೆಯವರು ಹೇಳಿದ್ದರು. ರೈಲಿನ ಠಾಣೆ ಗುಡ್ಡಗಳಾಚೆ. ಟ್ರಕ್ಕು ಇದ್ದದ್ದು ವರ್ಜಿಲ್‌ಗೆ ಮಾತ್ರ. ಅವನು ಚರ್ಚಿನ ಮೆಟ್ಟಿಲ ಮೇಲೆ ಎಲ್ಲರೆದುರು ಹೇಳಿದ: “ಕೌದಿ ಮುಗೀಲಿ. ನಾನೇ ಕರ್ಕೊಂಡು ಹೋಗಿ ರೈಲು ಹತ್ತಿಸ್ತೀನಿ.” ದೊಡ್ಡ ಮನಸ್ಸು ಎಂದರು ಎಲ್ಲರೂ. ಕೌದಿಯಿಲ್ಲದೆ ಹೋದವಳನ್ನು ನಮ್ಮಲ್ಲಿ ‘ಹೋದಳು’ ಅನ್ನುವುದಿಲ್ಲ, ‘ಓಡಿಹೋದಳು’ ಅನ್ನುತ್ತಾರೆ. ಅವಳ ಗಂಡನ ಗೋರಿ ಇಲ್ಲಿತ್ತು. ಮತ್ತೆ ಬರುವ ಬಾಗಿಲು ಮುಚ್ಚಿಕೊಂಡು ಹೋಗಲು ಅವಳಿಗೆ ಮನಸ್ಸಿರಲಿಲ್ಲ.

ಪ್ರಾರ್ಥನೆ ಮುಗಿಸಿ ಬರುವಾಗ ಮುದುಕಿಯೊಬ್ಬಳು ಚುಚ್ಚಿದಳು: “ಬೈಬಲಿನ ರೂತ್ ಗಂಡ ಸತ್ತ ಮೇಲೂ ಅತ್ತೇನ ಬಿಟ್ಟು ಹೋಗ್ಲಿಲ್ಲ ಕಣಮ್ಮ.”

“ರೂತ್‌ಗೆ ಮೈದುನರು ಉಳಿದಿರ್ಲಿಲ್ಲ,” ಅಂದಳು ಜೆಲ್ಮಾ.

ಚೌಕಗಳು ಬಂದವು. ಕೋಳಿಮೇವಿನ ಬಟ್ಟೆಚೀಲಗಳು ಹೂವಿನ ಅಚ್ಚಿನಲ್ಲಿ ಬರತೊಡಗಿದ್ದ ವರ್ಷಗಳು ಅವು. ಎಲ್ಲರ ಮನೆಯ ಚಿಂದಿಯಲ್ಲೂ ಅದೇ ನೀಲಿ ಹೂವು, ಅದೇ ಕೆಂಪು ಚುಕ್ಕಿ. ಜೆಲ್ಮಾ ನನ್ನ ಚೌಕ ನೋಡಿ, “ಡೋವಿ, ಇದನ್ನ ಹೊಲಿವಾಗ ಹಂದಿ ಅಟ್ಟಿಸ್ಕೊಂಡು ಬಂದಿತ್ತಾ?” ಎಂದು ನಕ್ಕು ಬಿಚ್ಚತೊಡಗಿದಳು. ಅಂಚಿನಲ್ಲಿ ಕಾಲಂಗುಲ ಬಟ್ಟೆ ಬಿಟ್ಟು ಹೊಲಿಯಬೇಕೆಂದರೆ ಕಾಲಂಗುಲವೇ. ಕೂದಲೆಳೆಯಷ್ಟು ತಪ್ಪಿದರೂ ಚೌಕದಿಂದ ಚೌಕಕ್ಕೆ ಆ ತಪ್ಪು ಬೆಳೆಯುತ್ತದೆ.

ಉಳಿದದ್ದು ನಡುಚೌಕ ಒಂದೇ. ಹೊರಟವಳ ಮನೆಯ ಹಿರಿಯಳು ಹೊಲಿಯಬೇಕಾದ ಚೌಕ ಅದು. ಅದಿಲ್ಲದೆ ಕೌದಿ ಮುಗಿಯಿತು ಅನ್ನುವಂತಿಲ್ಲ.

ಆಲ್ಮೀಡಾಳಿಗೆ ಮೊದಲು ಮಂಡಿನೋವು ಬಂತು. ಆಮೇಲೆ ದಾರದ ಬಣ್ಣ ಸರಿಯಿಲ್ಲವೆಂದಳು. ಈಸ್ಟರಿಗೆ ವಾರವಿದೆ ಅನ್ನುವಾಗ ಚೌಕವೊಂದನ್ನು ತಂದು ಮೇಜಿನ ಮೇಲಿಟ್ಟಳು. ಅದು ಬೆಂದ ರೊಟ್ಟಿಯ ಹಾಗೆ ನಡುವಲ್ಲಿ ಉಬ್ಬಿತ್ತು. ಒತ್ತಿದರೆ ಇನ್ನೊಂದು ಕಡೆ ಎದ್ದಿತು.

“ವಯಸ್ಸಾಯ್ತಮ್ಮ, ಕಣ್ಣು ಮಂಜು. ಕೊಡು, ಇನ್ನೊಂದ್ಸಲ ನೋಡ್ತೀನಿ.”

ಎರಡನೆಯದೂ ಉಬ್ಬಿತು. ಅದು ಬಂದದ್ದು ಗುರುವಾರ. ನಾನು ಮೊಟ್ಟೆ ಬದಲಿಸಿಕೊಳ್ಳಲು ಹೋಗಿ ಅಡುಗೆಮನೆಯಲ್ಲೇ ಕೂತಿದ್ದೆ. “ಇದೂ ಕೂರಲ್ಲ ಅನ್ಸುತ್ತೆ. ಬಿತ್ತನೆ ಆದ್ಮೇಲೆ ನಿಧಾನಕ್ಕೆ ಮಾಡೋಣ ಬಿಡು,” ಅಂದಳು ಆಲ್ಮೀಡಾ. ಬಿತ್ತನೆಯಾದ ಮೇಲೆ ಕಳೆ, ಕಳೆಯಾದ ಮೇಲೆ ಕೊಯ್ಲು ಎಂಬುದು ಆ ಕೋಣೆಯಲ್ಲಿದ್ದ ಮೂವರಿಗೂ ಗೊತ್ತಿತ್ತು.

ಜೆಲ್ಮಾ ಚೌಕದ ಹೊಲಿಗೆ ಬಿಚ್ಚಿದಳು. ಒಂಬತ್ತು ತುಂಡುಗಳನ್ನು ಒಂದರ ಮೇಲೊಂದು ಪೇರಿಸಿ ಮೂಲೆ ಸರಿಹೊಂದಿಸಿದಳು. ಎದುರು ಮೂಲೆಯಲ್ಲಿ ಸಣ್ಣ ಮೆಟ್ಟಿಲು ಕಾಣಿಸಿತು. ಪ್ರತಿ ತುಂಡೂ ತನ್ನ ಕೆಳಗಿನದಕ್ಕಿಂತ ಚೂರು ದೊಡ್ಡದು. ಹೆಸರಿದ್ದ ಬಿಳಿ ತುಂಡು ಎಲ್ಲಕ್ಕಿಂತ ದೊಡ್ಡದು.

ಹೊಸ ಹುಡುಗಿಯರು ಮಾಡುವ ತಪ್ಪು ಅದು. ಪ್ರತಿ ತುಂಡಿಗೂ ರಟ್ಟಿನ ಅಚ್ಚನ್ನೇ ಇಟ್ಟು ಗೆರೆ ಎಳೆಯಬೇಕು. ಆಗಷ್ಟೇ ಕತ್ತರಿಸಿದ ತುಂಡನ್ನೇ ಅಚ್ಚು ಮಾಡಿಕೊಂಡು ಮುಂದಿನದನ್ನು ಕತ್ತರಿಸಿದರೆ, ಪ್ರತಿಸಲ ಒಂದು ಗೆರೆಯ ದಪ್ಪ ಸೇರಿಕೊಳ್ಳುತ್ತದೆ.

“ಮದುವೆಯಾಗಿ ಬಂದ ಹೊಸದರಲ್ಲಿ ನಾನು ಹೀಗೆ ಕತ್ತರಿಸಿದ್ದಕ್ಕೆ ಬೆರಳಿನ ಗೆಣ್ಣಿಗೆ ಹೊಡೆದಿದ್ರಿ ಅತ್ತೆ,” ಅಂದಳು ಜೆಲ್ಮಾ. “ರಟ್ಟು ಬಿಟ್ಟು ಬಟ್ಟೆ ನಂಬಬೇಡ ಅಂದಿದ್ರಿ.”

“ಕಣ್ಣು ಮಂಜು ಅಂದೆನಲ್ಲ.”

“ಬಿಚ್ಚಿದ ಹೊಲಿಗೆಯ ತೂತು ನೋಡಿ. ಹೆಚ್ಚು ಬಟ್ಟೇನೆಲ್ಲ ಒಳಗೆಳೆದಿದ್ರೂ ಎಲ್ಲೂ ಗೆರೆ ತಪ್ಪಿಲ್ಲ. ಮಂಜುಗಣ್ಣಿನವರು ಹೀಗೆ ಹೊಲಿಯಲ್ಲ.”

ಆಲ್ಮೀಡಾ ಕಿಟಕಿಯ ಕಡೆ ನೋಡಿದಳು. ಅವಳಿಗೆ ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ, ಬರಲಿಲ್ಲ.

“ನೀನು ಬಂದ ದಿನ ನಾನು ಆ ಒಲೆ ಮುಂದಿಂದ ಎದ್ದೆ,” ಅಂದಳು. “ಹದಿನೈದನೇ ವಯಸ್ಸಿಗೆ ಕೂತಿದ್ದು. ಮತ್ತೆ ಅಲ್ಲಿಗೇ ಹೋಗಿ ಕೂರಲಾ? ಈ ಮಂಡಿ ಇಟ್ಕೊಂಡು ನೀರು ಹೊರಲಾ?”

“ನೀವಿಬ್ಬರೇ ಏನು ಇರೋದು ಮನೇಲಿ?” ನಾನು ಬಾಯಿ ಹಾಕಿದೆ. “ನಾಲ್ಕು ಗಟ್ಟಿ ಕೈ ಹೊರಗಿವೆ.”

“ಅವರಿಗೆ ಎಲ್ಲಿ ಬರುತ್ತೆ ಡೋವಿ,” ಅಂದಳು ಆಲ್ಮೀಡಾ, ಕಾಲಿಲ್ಲದವರ ಬಗ್ಗೆ ಹೇಳುವಂತೆ. “ನಾನು ಕಲಿಸ್ಲಿಲ್ಲ. ಗಂಡುಮಕ್ಕಳಿಗೆ ಯಾರು ಕಲಿಸ್ತಾರೆ.”

“ನಾನು ಉಳಿದ್ರೆ ಒಲೆ ನನ್ನ ಪಾಲು, ಹೋದ್ರೆ ನಿಮ್ಮ ಪಾಲು,” ಅಂದಳು ಜೆಲ್ಮಾ. “ಒಂದು ಒಲೆಗೆ ನಾವಿಬ್ಬರೇ ಕಿತ್ತಾಡ್ತಿದ್ದೀವಿ ಅತ್ತೆ.”

ಅಷ್ಟರಲ್ಲಿ ಹಾಯ್ಟ್ ಕೆಸರು ಬೂಟಿನಲ್ಲೇ ಒಳಗೆ ಬಂದ. “ಮೂರೂ ಜನ ಕೂತೇ ಇದ್ದೀರಲ್ಲ. ಕಾಫಿ ಇಲ್ವಾ?”

ಕಾಫಿಯ ಪಾತ್ರೆ ಅವನ ಮೊಣಕೈಗೆ ತಾಗುವಷ್ಟು ಹತ್ತಿರವಿತ್ತು. ಆದರೂ ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ಎದ್ದರು. ಆಲ್ಮೀಡಾಳ ಮಂಡಿ ಟಕ್ಕೆಂದಿತು. ಜೆಲ್ಮಾ ಮುಂದೆ ಹೋಗಿ ಕಾಫಿ ಬಗ್ಗಿಸಿ ಕೊಟ್ಟಳು. ಅವನು ಕುಡಿದು, ಲೋಟವನ್ನು ಮೇಜಿನ ಮೇಲೆ, ಬಿಳಿ ತುಂಡಿನ ಪಕ್ಕಕ್ಕೇ ಇಟ್ಟು ಹೊರಟುಹೋದ.

ಅವನು ಹೋದಮೇಲೆ ಜೆಲ್ಮಾ ರಟ್ಟಿನ ಅಚ್ಚು ತೆಗೆದಳು. ಒಂದೊಂದು ತುಂಡಿನ ಮೇಲೂ ಇಟ್ಟು ಹೆಚ್ಚಿದ್ದನ್ನು ಕತ್ತರಿಸಿದಳು. ಬಿಳಿ ತುಂಡಿನ ಹತ್ತಿರ ಕೈ ನಿಂತಿತು. ಹೆಸರನ್ನು ಈ ಅಂಚಿನಿಂದ ಆ ಅಂಚಿನವರೆಗೆ ಬರೆಯಲಾಗಿತ್ತು.

“ಕತ್ತರಿಸಿದ್ರೆ ನನ್ನ ಹೆಸರು ಹೋಗುತ್ತೆ,” ಅಂದಳು ಆಲ್ಮೀಡಾ.

“ಬೇರೆ ತುಂಡಿಗೆ ಬರೆದು ಕೊಡ್ತೀರಾ?”

ಆಲ್ಮೀಡಾ ಕೈ ಚಾಚಲಿಲ್ಲ. ಜೆಲ್ಮಾ ಬಿಳಿ ತುಂಡನ್ನೂ ಅಚ್ಚಿಗೆ ಸರಿಯಾಗಿ ಕತ್ತರಿಸಿದಳು. ಮೊದಲ ಅಕ್ಷರವೂ ಕೊನೆಯ ಅಕ್ಷರವೂ ಕತ್ತರಿಯ ಕೆಳಗೆ ಉದುರಿದವು. ಹೊಲಿದು ಮುಗಿಸಿದಾಗ ಚೌಕ ಮೇಜಿನ ಮೇಲೆ ನೀರಿನಂತೆ ಮಟ್ಟಸವಾಗಿ ಮಲಗಿತು. ಅದರ ಮೇಲಿನ ಹೆಸರು ಯಾರದೆಂದು ಹೊರಗಿನವರಿಗೆ ತಿಳಿಯುವಂತಿರಲಿಲ್ಲ.

ಶುಕ್ರವಾರ, ಶನಿವಾರ ಚರ್ಚಿನ ಹೆಂಗಸರು ಕೌದಿ ಬಿಗಿಯುವ ಮರದ ಚೌಕಟ್ಟಿನ ಸುತ್ತ ಕೂತು ಹತ್ತಿ ತುಂಬಿ ಕೌದಿ ಹೊಲಿದು ಮುಗಿಸಿದರು. ಆಲ್ಮೀಡಾಳೂ ಬಂದು ಒಂದು ಮೂಲೆ ಹಿಡಿದು ಹೊಲಿದಳು, ನಡುಚೌಕದಿಂದ ದೂರದ ಮೂಲೆ. ಎಲ್ಲರೆದುರು ಆಡಿದ ಮಾತು ವರ್ಜಿಲ್‌ನ ಕಾಲಿಗೇ ಸುತ್ತಿಕೊಂಡಿತ್ತು. ದಾರಿ ಇನ್ನೂ ಒದ್ದೆಯಿದೆ, ಮುಂದಿನ ವಾರ ಹೋದರಾಗದೇ ಎಂದು ಗೊಣಗಿ ನೋಡಿದ; ಹೆಂಗಸರು ಹೊಲಿಯುತ್ತಲೇ ಇದ್ದರು.

ಸೋಮವಾರ ಬೆಳಿಗ್ಗೆ ಕೌದಿಯ ಗಂಟು ಹಿಡಿದು ನಾನೂ ಟ್ರಕ್ಕಿನವರೆಗೆ ಬಂದೆ. ಜೆಲ್ಮಾ ಹತ್ತಿ ಕೂತಳು. ಮನೆಯೊಳಗೆ ಒಲೆಯ ಹೊಗೆ. ಹಿತ್ತಿಲಿನಲ್ಲಿ ಆಲ್ಮೀಡಾ ಬಾವಿಯಿಂದ ಬಕೆಟ್ ಎಳೆಯುತ್ತಿದ್ದಳು. ಎರಡು ಸಲ ಎಳೆದು, ಒಂದು ಸಲ ನಿಲ್ಲುತ್ತಿದ್ದಳು. ಹಾಯ್ಟ್ ಮೆಟ್ಟಿಲ ಮೇಲೆ ಕೂತು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ.

ವರ್ಜಿಲ್ ಟ್ರಕ್ಕು ಚಾಲೂ ಮಾಡಿ ಕೂಗಿದ: “ಅಮ್ಮಾ, ಮಧ್ಯಾಹ್ನಕ್ಕೆ ಬರ್ತೀನಿ. ಊಟ ಬಿಸಿಯಾಗಿರ್ಲಿ.”

ಬಕೆಟ್ ತುಳುಕಿದ ಸದ್ದು ಕೇಳಿಸಿತು. ಜೆಲ್ಮಾಳ ಕೈ ತಾನಾಗಿಯೇ, ಇಳಿದು ಓಡಲೆಂಬಂತೆ, ಟ್ರಕ್ಕಿನ ಬಾಗಿಲ ಹಿಡಿಗೆ ಹೋಯಿತು. ಹಿಡಿ ಅರ್ಧ ತಿರುಗಿತ್ತು ಕೂಡ. ನಾನು ಕಿಟಕಿಯಾಚೆ ನಿಂತು ನೋಡುತ್ತಿದ್ದಂತೆ ಅವಳು ಆ ಕೈಯನ್ನು ಹಿಂದಕ್ಕೆಳೆದು, ತನ್ನ ತೊಡೆಯ ಕೆಳಗೆ ಒತ್ತಿ, ಅದರ ಮೇಲೆ ಭಾರ ಬಿಟ್ಟು ಕುಳಿತಳು.